ಕಾಡ್ಗಿಚ್ಚನ್ನು ಮುಂಚಿತವಾಗಿ ತಿಳಿಯಬಹುದೆ?

2019ನೆಯ ಇಸವಿಯ ಫೆಬ್ರವರಿ 21ರಂದು ಬಂಡೀಪುರದ ಹುಲಿ ರಕ್ಷಿತಾರಣ್ಯದಲ್ಲಿ ಹತ್ತಿಕೊಂಡ ಬೆಂಕಿ ಐದು ದಿನಗಳ ಕಾಲ ಉರಿಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳು ಕಪ್ಪಾದುವು. ಅರಣ್ಯ ಇಲಾಖೆಯ ಸಿಬ್ಬಂದಿಯೂ ಸ್ವಯಂಸೇವಕರೂ ಹಸಿಸೊಪ್ಪಿನ ಕೊಂಬೆಗಳನ್ನು ಹಿಡಿದು ಬೆಂಕಿಯನ್ನು ಬಡಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರನ್ನು ಮೊಗೆದು ತಂದು ಸುರಿದುವು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದಾಗ ಸುಟ್ಟ ನೆಲವು ಸುಮಾರು 4,400 ಹೆಕ್ಟೇರು, ಎಂದರೆ ಹೆಚ್ಚುಕಡಿಮೆ 11,000 ಎಕರೆ, ಎಂದು ತಿಳಿದುಬಂದಿತು. ಅದಕ್ಕೆ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿಯನ್ನು ನಂದಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಸುತ್ತಲೂ ಎದ್ದ ಜ್ವಾಲೆಗೆ ಸಿಕ್ಕಿ ಪ್ರಾಣ ತೆತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಇಂಥದೇ ದುರಂತ ಮತ್ತೊಮ್ಮೆ ನಡೆಯಿತು.

ಮೂರು ಘಟನೆಗಳೂ ಫೆಬ್ರವರಿಯಲ್ಲಿ ನಡೆದುದು ಆಕಸ್ಮಿಕವಲ್ಲ. ಹಾಗಾದರೆ ಇಂಥ ದಿನಗಳನ್ನು ಮುಂಚಿತವಾಗಿ ಗುರುತಿಸಬಹುದೆ? ಮಳೆ ಬರುವುದನ್ನೂ ಚಂಡಮಾರುತ ಬೀಸುವುದನ್ನೂ ಹವಾಮಾನ ಶಾಸ್ತ್ರಜ್ಞರು ಮುಂದಾಗಿ ಹೇಳುವಂತೆ ಕಾಡ್ಗಿಚ್ಚನ್ನೂ ಹೇಳಲು ಸಾಧ್ಯವೆ? ಯಾವ ಮರದ ಕೆಳಗೆ, ಯಾವ ಗಳಿಗೆಯಲ್ಲಿ, ಯಾರ ಕೈಯಿಂದ ಕಿಡಿ ಬೀಳುವುದೆಂಬುದನ್ನು ಯಾವ ಶಾಸ್ತ್ರವೂ ಹೇಳಲಾರದು. ಆದರೆ ಇಂದು ಕಿಡಿ ಬಿದ್ದರೆ ಅದು ತಾನಾಗಿಯೇ ಆರಿಹೋಗುವುದೆ ಅಥವಾ ಮನುಷ್ಯನ ಹಿಡಿತಕ್ಕೆ ಸಿಕ್ಕದಂತೆ ಓಡುವುದೆ ಎಂಬುದನ್ನು ಗಣನೆಯಿಂದ ತಿಳಿಯಬಹುದು. ಆ ಗಣನೆಯ ತಿರುಳೇನೆಂಬುದನ್ನು ನೋಡೋಣ.

ನೀರಿನ ಲೆಕ್ಕ

ಬೆಂಕಿ ಉರಿಯಲು ಮೂರು ವಸ್ತುಗಳು ಬೇಕೆಂಬುದನ್ನು ವಾಚಕರು ಶಾಲೆಯಲ್ಲಿಯೇ ಕಲಿತಿರುತ್ತಾರೆ: ಉರುವಲು, ಆಮ್ಲಜನಕ, ಸಾಕಷ್ಟು ಶಾಖ. ಕಾಡಿನಲ್ಲಿ ಆಮ್ಲಜನಕಕ್ಕೆ ಕೊರತೆಯಿಲ್ಲ. ಬೇಸಗೆಯಲ್ಲಿ ಉರುವಲಿಗೂ ಕೊರತೆಯಿಲ್ಲ. ಬಂಡೀಪುರದ್ದು ಎಲೆಯುದುರುವ ಒಣ ಕಾಡು. ತೇಗ, ಮತ್ತಿ, ದಿಂಡಿಗ ಮೊದಲಾದ ಮರಗಳು ಚಳಿಗಾಲ ಕಳೆಯುತ್ತಿದ್ದಂತೆ ಎಲೆಗಳನ್ನು ಕೆಡವುತ್ತವೆ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಅದೇ ವೇಳೆಗೆ ಒಣಗಿ ನಿಲ್ಲುತ್ತದೆ. ಜನವರಿಯ ನಡುವಿನಿಂದ ಮೊದಲ ಮಳೆ ಬೀಳುವವರೆಗೆ ನೆಲವೆಲ್ಲ ತರಗೆಲೆಯ ಹಾಸಿಗೆ. ಆದರೂ ಪ್ರತಿದಿನ ಕಾಡು ಉರಿಯುವುದಿಲ್ಲ. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ವ್ಯತ್ಯಾಸವನ್ನುಂಟುಮಾಡುವುದು ಮುಖ್ಯವಾಗಿ ಆ ತರಗೆಲೆಯೊಳಗೆ ಅಡಗಿರುವ ನೀರು.

ಹಸಿ ಸೌದೆ ಒಲೆಯಲ್ಲಿ ಹೊಗೆಯಾಡುವುದನ್ನು ಎಲ್ಲರೂ ಕಂಡಿದ್ದಾರೆ. ಅದರ ಕಾರಣವನ್ನು ಅಂಕಿಗಳಲ್ಲಿ ನೋಡಬಹುದು. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 70 ಕ್ಯಾಲೊರಿ ಶಾಖ ಬೇಕು. ಅದನ್ನು ಆವಿಯಾಗಿಸಲು ಮತ್ತೆ 540 ಕ್ಯಾಲೊರಿ ಗುಪ್ತೋಷ್ಣ ಬೇಕು. ಒಟ್ಟು 610. ಪೂರ್ತಿ ಒಣಗಿದ 100 ಗ್ರಾಂ ಎಲೆಯನ್ನು ಹೊತ್ತಿಕೊಳ್ಳುವ ಮಟ್ಟಕ್ಕೆ, ಎಂದರೆ ಸುಮಾರು 300 ಡಿಗ್ರಿಗೆ, ಏರಿಸಲು ಹೆಚ್ಚುಕಡಿಮೆ 9,500 ಕ್ಯಾಲೊರಿ ಸಾಕು. ಈಗ ಆ 100 ಗ್ರಾಂ ಎಲೆಯಲ್ಲಿ 30 ಗ್ರಾಂ ನೀರಿದೆಯೆನ್ನೋಣ. ಆ ನೀರನ್ನು ಓಡಿಸುವುದಕ್ಕೇ 18,300 ಕ್ಯಾಲೊರಿ ಖರ್ಚಾಗುತ್ತದೆ. ಪಕ್ಕದ ಜ್ವಾಲೆಯಿಂದ ಬಂದ ಶಾಖದಲ್ಲಿ ಮೂರರಲ್ಲಿ ಎರಡು ಪಾಲು ನೀರಿನ ಪಾಲಾಯಿತು. ಅದೇ ಎಲೆಯಲ್ಲಿ 5 ಗ್ರಾಂ ನೀರು ಮಾತ್ರ ಇದ್ದರೆ ಖರ್ಚು 3,050 ಕ್ಯಾಲೊರಿ, ಎಂದರೆ ಕಾಲು ಪಾಲಿಗಿಂತಲೂ ಕಡಮೆ. ಆದುದರಿಂದ ಒಂದು ಎಲೆ ಉರಿದು ಮುಂದಿನ ಎಲೆಯನ್ನು ಹೊತ್ತಿಸಲು ತೆಗೆದುಕೊಳ್ಳುವ ಕಾಲ ಬಹಳ ಕಡಮೆಯಾಗುತ್ತದೆ. ಸಾಮಾನ್ಯವಾಗಿ ತರಗಿನಲ್ಲಿ ನೀರಿನ ಅಂಶವು ಒಣ ತೂಕದ ಶೇಕಡಾ 25–30ನ್ನು ಮೀರಿದರೆ ಬೆಂಕಿ ಮುಂದುವರಿಯಲಾರದು. ಶೇಕಡಾ 5–6ಕ್ಕೆ ಇಳಿದರೆ ಬೀಡಿಯ ಕಿಡಿಯೂ ಸಾಕು.

ಬೆಂಕಿಯ ಅಪಾಯವನ್ನು ಮುಂದಾಗಿ ತಿಳಿಯುವುದೆಂದರೆ ಮೊಟ್ಟಮೊದಲಿಗೆ ಈ ನೀರಿನ ಲೆಕ್ಕವನ್ನು ಇಡುವುದು.

ಗಾಳಿಯ ದಾಹ

ಜೀವಂತ ಎಲೆಗೆ ಬೇರಿನಿಂದ ನೀರು ಬರುತ್ತದೆ. ಉದುರಿದ ಎಲೆಗೆ ಅಂಥ ಆಸರೆಯಿಲ್ಲ. ಮಳೆಯಿಲ್ಲದ ದಿನಗಳಲ್ಲಿ ಅದಕ್ಕೆ ಗಾಳಿಯೊಡನೆ ಮಾತ್ರ ಕೊಡುಕೊಳ್ಳುವ ವ್ಯವಹಾರ. ಕರಿದ ಹಪ್ಪಳವನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಮೆತ್ತಗಾಗುವುದು. ಬೇಸಗೆಯಲ್ಲಿ ತೆರೆದಿಟ್ಟರೂ ಗರಿಗರಿಯಾಗಿಯೇ ಇರುವುದು. ತರಗೆಲೆಯ ಸ್ವಭಾವವೂ ಹೀಗೆಯೇ. ಸುತ್ತಣ ಗಾಳಿ ಆರ್ದ್ರವಾಗಿದ್ದರೆ ಅದು ನೀರನ್ನು ಹೀರುತ್ತದೆ, ಒಣಗಿದ್ದರೆ ಬಿಟ್ಟುಕೊಡುತ್ತದೆ.

ಗಾಳಿಯ ಒಣತನವನ್ನು ಅಳೆಯುವುದು ಸಾಪೇಕ್ಷ ಆರ್ದ್ರತೆಯಿಂದ. ಒಂದು ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ಈಗ ಶೇಕಡಾ ಎಷ್ಟು ಇದೆಯೆಂಬುದೇ ಈ ಅಳತೆ. ಮೈಸೂರಿನ ಹೆಬ್ಬಾಳದಲ್ಲಿ ಫೆಬ್ರವರಿ ಕೊನೆಯ ಒಂದು ದಿನವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ ಉಷ್ಣತೆ 22 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 65. ಆ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ 19.4 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ಆದುದರಿಂದ ಅದರಲ್ಲಿರುವುದು ಸುಮಾರು 12.6 ಗ್ರಾಂ. ಮಧ್ಯಾಹ್ನ ಉಷ್ಣತೆ 35 ಡಿಗ್ರಿಗೆ ಏರುತ್ತದೆ. ಗಾಳಿಯಲ್ಲಿನ ನೀರಾವಿ ಬಹುಮಟ್ಟಿಗೆ ಅಷ್ಟೇ ಇದೆ. ಆದರೆ ಈಗ ಅದು ಹಿಡಿಯಬಲ್ಲುದು 39.6 ಗ್ರಾಂ. ಆದುದರಿಂದ ಸಾಪೇಕ್ಷ ಆರ್ದ್ರತೆ ಶೇಕಡಾ 32ಕ್ಕೆ ಇಳಿಯಿತು. ಬೆಳಿಗ್ಗೆ ಅರೆಹೊಟ್ಟೆ ತುಂಬಿದ್ದ ಗಾಳಿ ಮಧ್ಯಾಹ್ನ ಬಾಯಾರಿ ನಿಂತಿತು. ಚಳಿಗಾಲ ಕಳೆಯುವ ಈ ತಿಂಗಳುಗಳಲ್ಲಿ ದಖ್ಖನಿನ ಒಣ ಬಯಲಿನ ಮೇಲಿಂದ ಬರುವ ಮೂಡುಗಾಳಿ ಈ ದಾಹವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಎಲ್ಲ ಉರುವಲೂ ಒಂದೇ ವೇಗದಲ್ಲಿ ಒಣಗುವುದಿಲ್ಲ. ಹುಲ್ಲು, ತರಗೆಲೆ, ಬೆರಳಿಗಿಂತ ತೆಳುವಾದ ಪುಳ್ಳೆ ಇವು ಒಂದೆರಡು ಗಂಟೆಗಳಲ್ಲಿಯೇ ಗಾಳಿಗೆ ಹೊಂದಿಕೊಳ್ಳುತ್ತವೆ. ಹೆಬ್ಬೆರಳು ಗಾತ್ರದ ಕಡ್ಡಿಗೆ ಅರ್ಧ ದಿನ ಬೇಕು. ಮುಂಗೈ ಗಾತ್ರದ ಕೊಂಬೆಗೆ ನಾಲ್ಕಾರು ದಿನ. ಬಿದ್ದ ಮರದ ದಿಮ್ಮಿಗೆ ತಿಂಗಳು ಅಥವಾ ಅದಕ್ಕೂ ಹೆಚ್ಚು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮುಂಜಾನೆ ಇಬ್ಬನಿಯಿಂದ ನೆನೆದ ತರಗು ಮಧ್ಯಾಹ್ನ ಎರಡು ಗಂಟೆಗೆ ಸಿಡಿಮದ್ದಿನಂತಾಗಬಹುದು. ಹೀಗಾಗಿ ಬೆಳಗಿನ ಅಳತೆಯನ್ನು ನಂಬಿ ಮಧ್ಯಾಹ್ನ ಕಾಡಿಗಿಳಿಯುವುದು ಕ್ಷೇಮವಲ್ಲ. ಎರಡನೆಯದಾಗಿ, ನಡುವೆ ಒಂದು ಸಣ್ಣ ಹನಿ ಮಳೆ ಬಂದರೆ ಹುಲ್ಲು ಒಂದು ದಿನದ ಮಟ್ಟಿಗೆ ನೆನೆಯಬಹುದು, ಆದರೆ ಮೂರು ತಿಂಗಳು ಒಣಗಿದ ದಿಮ್ಮಿಗಳ ಒಳಗೆ ಅದು ಇಳಿಯುವುದಿಲ್ಲ. ಇಂಥ ದಿಮ್ಮಿಗೆ ಒಮ್ಮೆ ಬೆಂಕಿ ತಗುಲಿದರೆ ದಿನಗಟ್ಟಲೆ ಕೆಂಡವನ್ನು ಹೊತ್ತು ಕಾಯುತ್ತಿರುತ್ತದೆ. ನಂದಿತೆಂದು ತಿಳಿದ ಬೆಂಕಿ ಮರುದಿನ ಮತ್ತೆ ಏಳುವುದು ಹೀಗೆ.

ಗಾಳಿಯ ಬೀಸು, ನೆಲದ ಏರು

ಅಡಿಗೆ ಮನೆಯ ಊದುಗೊಳವೆ ಮಾಡುವ ಕೆಲಸವನ್ನೇ ಕಾಡಿನಲ್ಲಿ ಬೀಸುಗಾಳಿ ಮಾಡುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಗಾಳಿಯಿಲ್ಲದಾಗ ಜ್ವಾಲೆ ನೆಟ್ಟಗೆ ಮೇಲೇಳುತ್ತದೆ. ಅದರ ಶಾಖದ ಬಹುಭಾಗ ಆಕಾಶಕ್ಕೆ ಹೋಗುತ್ತದೆ. ಗಾಳಿ ಬೀಸಿದಾಗ ಜ್ವಾಲೆ ಮುಂದಕ್ಕೆ ಬಾಗಿ ಇನ್ನೂ ಹೊತ್ತದ ಹುಲ್ಲಿನ ಮೇಲೆ ಮೈಚಾಚುತ್ತದೆ. ಬೆಂಕಿ ತಲುಪುವ ಮುಂಚೆಯೇ ಆ ಹುಲ್ಲು ಕಾದು ಒಣಗಿ ಸಿದ್ಧವಾಗಿರುತ್ತದೆ. ಇದಲ್ಲದೆ ಗಾಳಿ ಉರಿಯುವ ತೊಗಟೆ ಎಲೆಗಳನ್ನು ಹಾರಿಸಿಕೊಂಡು ಹೋಗಿ ರಸ್ತೆಯ ಆಚೆ, ಹಳ್ಳದ ಆಚೆ ಕೆಡವುತ್ತದೆ. ಬೆಂಕಿಯನ್ನು ತಡೆಯಲೆಂದು ಬಿಟ್ಟ ಬಯಲು ಪಟ್ಟಿಯನ್ನು ಬೆಂಕಿ ಹಾರಿ ದಾಟುವುದು ಈ ರೀತಿಯಲ್ಲಿಯೇ.

ನೆಲದ ಏರು ಗಾಳಿಯ ಕೆಲಸವನ್ನೇ ಮಾಡುತ್ತದೆ. ಏರಿನಲ್ಲಿ ಮೇಲುಗಡೆಯ ಹುಲ್ಲು ಜ್ವಾಲೆಗೆ ಹತ್ತಿರವಾಗಿರುತ್ತದೆ. ಇಳಿಜಾರು ಪ್ರತಿ ಹತ್ತು ಡಿಗ್ರಿ ಹೆಚ್ಚಿದಂತೆ ಮೇಲ್ಮುಖವಾಗಿ ಓಡುವ ಬೆಂಕಿಯ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆಂಬುದು ಅನುಭವದಿಂದ ಕಂಡುಕೊಂಡ ನಿಯಮ. ಮಧ್ಯಾಹ್ನದ ಬಿಸಿಲಿಗೆ ಕಾದ ಇಳಿಜಾರಿನಲ್ಲಿ ಗಾಳಿಯೂ ಮೇಲ್ಮುಖವಾಗಿ ಹರಿಯುವುದರಿಂದ ಎರಡು ಶಕ್ತಿಗಳೂ ಕೂಡಿಕೊಳ್ಳುತ್ತವೆ. 2018ರ ಮಾರ್ಚಿಯಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟಗಳಲ್ಲಿ ಚಾರಣಕ್ಕೆ ಹೋಗಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ಬೆಂಕಿಗೆ ಸಿಕ್ಕಿ ಮಡಿದರು. ಕಡಿದಾದ ಇಳಿಜಾರು, ಒಣಹುಲ್ಲು, ಬೀಸುಗಾಳಿ ಇವು ಒಂದುಗೂಡಿದ ಕಡೆ ಬೆಂಕಿ ಮನುಷ್ಯನಿಗಿಂತ ವೇಗವಾಗಿ ಬೆಟ್ಟವನ್ನೇರುತ್ತದೆ.

ಮೂರು ಲೆಕ್ಕಗಳು

ಉಷ್ಣತೆ, ಆರ್ದ್ರತೆ, ಗಾಳಿ, ಒಣಗಿದ ದಿನಗಳು ಇವನ್ನೆಲ್ಲ ಒಂದೇ ಅಂಕಿಯಲ್ಲಿ ಅಡಕಗೊಳಿಸಿದರೆ ಕಾವಲುಗಾರನಿಗೆ ಅನುಕೂಲ. ಅಂಥ ಅಂಕಿಗೆ ಅಪಾಯ ಸೂಚಿಯೆನ್ನಬಹುದು.

ಎಲ್ಲಕ್ಕಿಂತ ಸರಳವಾದುದು ಸ್ವೀಡನ್ ದೇಶದಲ್ಲಿ ಹುಟ್ಟಿದ ಆಂಗ್‌ಸ್ಟ್ರಾಮ್ ಸೂಚಿ. ಸಾಪೇಕ್ಷ ಆರ್ದ್ರತೆಯನ್ನು 20ರಿಂದ ಭಾಗಿಸಬೇಕು, 27ರಿಂದ ಉಷ್ಣತೆಯನ್ನು ಕಳೆದು 10ರಿಂದ ಭಾಗಿಸಬೇಕು, ಎರಡನ್ನೂ ಕೂಡಬೇಕು. ಮೊತ್ತ 4ಕ್ಕಿಂತ ಹೆಚ್ಚಾದರೆ ಬೆಂಕಿ ಹತ್ತುವ ಸಂಭವ ಕಡಮೆ. 2ಕ್ಕಿಂತ ಕಡಮೆಯಾದರೆ ಸಂಭವ ಬಹಳ ಹೆಚ್ಚು. ಮೇಲಿನ ನಮ್ಮ ಉದಾಹರಣೆಯಲ್ಲಿ ಬೆಳಿಗ್ಗೆ 3.25 ಮತ್ತು 0.5 ಸೇರಿ 3.75 ಬರುತ್ತದೆ. ಮಧ್ಯಾಹ್ನ 1.6ರಿಂದ 0.8 ಕಳೆದು ಉಳಿಯುವುದು 0.8 ಮಾತ್ರ. ಕಾಗದ ಸೀಸದಕಡ್ಡಿಗಳ ಅಗತ್ಯವೂ ಇಲ್ಲದ ಈ ಲೆಕ್ಕ ಒಂದೇ ದಿನದೊಳಗಿನ ಅಂತರವನ್ನು ಎತ್ತಿ ತೋರಿಸುತ್ತದೆ. ಆದರೆ ಇದರಲ್ಲಿ ಗಾಳಿಯ ವೇಗಕ್ಕೆ ಸ್ಥಾನವಿಲ್ಲ. ಮಳೆ ನಿಂತು ಎಷ್ಟು ದಿನಗಳಾದುವೆಂಬುದಕ್ಕೂ ಇಲ್ಲ.

ಆ ಕೊರತೆಯನ್ನು ತುಂಬಿದವರು ಆಸ್ಟ್ರೇಲಿಯದ ಅರಣ್ಯ ಶಾಸ್ತ್ರಜ್ಞ ಎ. ಜಿ. ಮೆಕಾರ್ಥರ್. ಅವರು ತಾವೇ ನೂರಾರು ಸಣ್ಣ ಬೆಂಕಿಗಳನ್ನು ಹೊತ್ತಿಸಿ, ಅವು ಓಡುವ ವೇಗವನ್ನು ಅಳೆದು, 1960ರ ದಶಕದಲ್ಲಿ ಒಂದು ಸೂಚಿಯನ್ನು ರೂಪಿಸಿದರು. ಅದು ರಟ್ಟಿನ ಬಿಲ್ಲೆಗಳನ್ನು ತಿರುಗಿಸಿ ಓದುವ ದುಂಡು ಗಣಕವಾಗಿತ್ತು. 1939ರ ಜನವರಿ 13ರಂದು ವಿಕ್ಟೋರಿಯ ಪ್ರಾಂತ್ಯವನ್ನು ಸುಟ್ಟ ಘೋರ ದಿನವನ್ನು 100 ಎಂದಿಟ್ಟುಕೊಂಡು ಉಳಿದ ದಿನಗಳನ್ನು ಅದಕ್ಕೆ ಹೋಲಿಸಿದರು. ಈ ಸೂಚಿಯ ಪ್ರಕಾರ ಉಳಿದುದೆಲ್ಲ ಒಂದೇ ಸಮನಾಗಿದ್ದು ಆರ್ದ್ರತೆ ಶೇಕಡಾ 20 ಅಂಶ ಇಳಿದರೆ ಅಪಾಯ ಇಮ್ಮಡಿ. ಗಾಳಿಯ ವೇಗ ಗಂಟೆಗೆ 30 ಕಿಲೋಮೀಟರು ಹೆಚ್ಚಿದರೂ ಇಮ್ಮಡಿ. ಹೆಬ್ಬಾಳದ ನಮ್ಮ ಕಲ್ಪಿತ ದಿನಕ್ಕೆ, ನೆಲ ಪೂರ್ತಿ ಒಣಗಿದೆಯೆಂದೂ ಗಾಳಿ ಬೆಳಿಗ್ಗೆ ಗಂಟೆಗೆ 8, ಮಧ್ಯಾಹ್ನ 20 ಕಿಲೋಮೀಟರೆಂದೂ ಇಟ್ಟುಕೊಂಡರೆ, ಸೂಚಿ ಬೆಳಿಗ್ಗೆ ಸುಮಾರು 3, ಮಧ್ಯಾಹ್ನ ಸುಮಾರು 21. ಐದಾರು ಗಂಟೆಗಳಲ್ಲಿ ಅಪಾಯ ಆರೇಳು ಪಟ್ಟಾಯಿತು. ಪ್ರಕೃತಿ ಮಾತ್ರ ನೂರಕ್ಕೆ ನಿಲ್ಲಲಿಲ್ಲ. 2009ರ ಫೆಬ್ರವರಿ 7ರಂದು ವಿಕ್ಟೋರಿಯದಲ್ಲಿ ಸೂಚಿ ನೂರನ್ನು ಮೀರಿತು; ಆ ದಿನದ ಬೆಂಕಿಗಳಲ್ಲಿ 173 ಮಂದಿ ಸತ್ತರು. 2022ರಲ್ಲಿ ಆಸ್ಟ್ರೇಲಿಯ ಈ ಹಳೆಯ ಸೂಚಿಯನ್ನು ಬಿಟ್ಟು ಹೊಸ ಕ್ರಮವನ್ನು ಜಾರಿಗೆ ತಂದಿತು.

ಮೂರನೆಯದು ಕೆನಡಾ ದೇಶದವರು 1970ರಲ್ಲಿ ಬಳಕೆಗೆ ತಂದ ಕ್ರಮ. ಇದರ ವಿಶೇಷವೆಂದರೆ ಇದು ಅಂಗಡಿಯವನ ಖಾತೆಯಂತೆ ದಿನದಿನವೂ ಬಾಕಿಯನ್ನು ಮುಂದಕ್ಕೆ ಒಯ್ಯುತ್ತದೆ. ಪ್ರತಿ ಮಧ್ಯಾಹ್ನದ ಉಷ್ಣತೆ, ಆರ್ದ್ರತೆ, ಗಾಳಿ, ಹಿಂದಿನ 24 ಗಂಟೆಗಳ ಮಳೆ ಈ ನಾಲ್ಕು ಅಂಕಿಗಳೇ ಸಾಕು. ಅದರಲ್ಲಿ ಮೂರು ಖಾತೆಗಳಿವೆ: ಒಂದು ದಿನದೊಳಗೆ ಒಣಗುವ ಮೇಲಿನ ತರಗಿಗೆ ಒಂದು, ಸುಮಾರು ಎರಡು ವಾರಗಳಲ್ಲಿ ಒಣಗುವ ನಡುವಿನ ಪದರಕ್ಕೆ ಒಂದು, ಐವತ್ತಕ್ಕೂ ಹೆಚ್ಚು ದಿನ ಹಿಡಿಯುವ ಆಳದ ಪದರಕ್ಕೆ ಒಂದು. ಮೊದಲನೆಯ ಖಾತೆ ಬೆಂಕಿ ಹತ್ತುವುದು ಎಷ್ಟು ಸುಲಭವೆಂಬುದನ್ನೂ ಕೊನೆಯೆರಡು ಅದನ್ನು ನಂದಿಸುವುದು ಎಷ್ಟು ಕಷ್ಟವೆಂಬುದನ್ನೂ ಸೂಚಿಸುತ್ತವೆ. ನಾಳಿನ ಹವಾಮಾನದ ಮುನ್ಸೂಚನೆಯನ್ನು ಇದೇ ಲೆಕ್ಕಕ್ಕೆ ಹಾಕಿದರೆ ನಾಳಿನ ಬೆಂಕಿಯ ಅಪಾಯ ಇಂದೇ ತಿಳಿಯುತ್ತದೆ.

ನಮ್ಮ ಕಾಡಿಗೆ ನಮ್ಮ ಅಳತೆ

ಆದರೆ ಸ್ವೀಡನ್ನಿನ ಪೈನ್ ಕಾಡಿಗೆ ಹೊಂದುವ ಸೂಚಿ ಬಂಡೀಪುರದ ತೇಗದ ಕಾಡಿಗೂ ಹೊಂದುವುದೆ? ಆಂಗ್‌ಸ್ಟ್ರಾಮ್ ಸೂಚಿಯನ್ನು ಹಾಗೆಯೇ ತಂದರೆ ಇಲ್ಲಿನ ಬೇಸಗೆಯ ಹೆಚ್ಚಿನ ಮಧ್ಯಾಹ್ನಗಳೆಲ್ಲ 2ಕ್ಕಿಂತ ಕೆಳಗೇ ಇರುತ್ತವೆ. ಪ್ರತಿದಿನವೂ ಮೊಳಗುವ ಅಪಾಯದ ಗಂಟೆಗೆ ಯಾರೂ ಕಿವಿಗೊಡರು. ಹಿಂದಿನ ವರ್ಷಗಳ ಬೆಂಕಿಗಳ ದಿನಾಂಕಗಳನ್ನೂ ಆ ದಿನಗಳ ಹವೆಯನ್ನೂ ಒಟ್ಟಿಗೆ ಇಟ್ಟು ನೋಡಿ, ನಮ್ಮ ಕಾಡಿನಲ್ಲಿ ಯಾವ ಅಂಕಿಯಿಂದಾಚೆಗೆ ಬೆಂಕಿ ಕೈಮೀರುತ್ತದೆಂಬುದನ್ನು ನಾವೇ ಗೊತ್ತುಮಾಡಿಕೊಳ್ಳಬೇಕು. ಡೆಹರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಹವಾಮಾನದ ಆಧಾರದ ಮೇಲೆ ಮುನ್ನೆಚ್ಚರಿಕೆಗಳನ್ನು ರಾಜ್ಯಗಳಿಗೆ ಕಳುಹಿಸುತ್ತಿದೆ. ಕೆನಡಾದ ಕ್ರಮವನ್ನು ನಮ್ಮ ಕಾಡುಗಳಿಗೆ ಹೊಂದಿಸುವ ಪ್ರಯತ್ನವನ್ನೂ ನಡೆಸಿದೆ.

ಮುನ್ಸೂಚನೆ ಬೇರೆ, ಪತ್ತೆ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಇದೇ ಸಂಸ್ಥೆ 2004ರಿಂದ ಉಪಗ್ರಹಗಳು ಗ್ರಹಿಸುವ ಅವಗೆಂಪು ಕಿರಣಗಳ ನೆರವಿನಿಂದ ಉರಿಯುತ್ತಿರುವ ಬೆಂಕಿಗಳನ್ನು ಪತ್ತೆಹಚ್ಚುತ್ತಿದೆ. ಮೊದಲು ಬಳಸಿದ ಮೋಡಿಸ್ ಎಂಬ ಉಪಕರಣ ನೆಲವನ್ನು ಒಂದು ಕಿಲೋಮೀಟರಿನ ಚೌಕಗಳಾಗಿ ನೋಡುತ್ತಿತ್ತು. ಅನಂತರದ ವೀರ್ಸ್ ಉಪಕರಣದ ಚೌಕ 375 ಮೀಟರಿನದು. ಇದು ಅಮೂಲ್ಯವಾದ ಸಹಾಯವೇ ಸರಿ. ಆದರೆ ಉಪಗ್ರಹ ಬೆಂಕಿಯನ್ನು ಕಾಣುವುದು ಹತ್ತಿದ ಮೇಲೆ, ಅದೂ ತಾನು ಆ ಕಾಡಿನ ಮೇಲೆ ಹಾದುಹೋಗುವ ವೇಳೆಯಲ್ಲಿ. ಒಂದೇ ವೇಗದಿಂದ ಎಲ್ಲ ಕಡೆಗೂ ಹಬ್ಬುವ ಬೆಂಕಿಯ ವಿಸ್ತಾರವು ಕಾಲದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ: ತಲುಪುವುದು ಎರಡರಷ್ಟು ತಡವಾದರೆ ಉರಿಯುವ ನೆಲ ನಾಲ್ಕರಷ್ಟು. ಜನರೂ ನೀರಿನ ಗಾಡಿಗಳೂ ಬೆಂಕಿ ಹತ್ತುವ ಮುಂಚೆಯೇ ಸರಿಯಾದ ವಲಯದಲ್ಲಿ ಸಿದ್ಧವಾಗಿರಬೇಕಾದರೆ ಮುನ್ಸೂಚನೆಯೇ ಬೇಕು.

ಅಳೆಯುವ ಸ್ಥಳವೂ ಮುಖ್ಯ. ಮೈಸೂರಿನ ಅಂಕಿಗಳು 1,454 ಮೀಟರು ಎತ್ತರದ ಗೋಪಾಲಸ್ವಾಮಿ ಬೆಟ್ಟಕ್ಕೆ ಸಲ್ಲವು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಇಷ್ಟು ದಟ್ಟವಾದ ಜಾಲ ಬೆಂಕಿಯ ಲೆಕ್ಕಕ್ಕೂ ದೊಡ್ಡ ಆಸ್ತಿ. ಹವೆಯ ಜೊತೆಗೆ ಉರುವಲಿನ ಲೆಕ್ಕವನ್ನೂ ಇಡಬೇಕು. ವಿಚಿತ್ರವೆನಿಸಿದರೂ, ಒಳ್ಳೆಯ ಮಳೆಗಾಲವೇ ಮುಂದಿನ ಬೇಸಗೆಯ ಬೆಂಕಿಗೆ ಹುಲ್ಲನ್ನು ಬೆಳೆಸಿಕೊಡುತ್ತದೆ. ಹೊರದೇಶದಿಂದ ಬಂದು ನಮ್ಮ ಕಾಡುಗಳನ್ನು ಮುತ್ತಿರುವ ಲಂಟಾನದ ಪೊದೆಗಳು ನೆಲದ ಮೇಲೆ ಹರಿಯುವ ಬೆಂಕಿಗೆ ಏಣಿಯಾಗಿ ಅದನ್ನು ಮರಗಳ ಕೊಂಬೆಗಳವರೆಗೆ ಏರಿಸುತ್ತವೆ. ಹೂಬಿಟ್ಟು ಒಟ್ಟಿಗೆ ಸಾಯುವ ಬಿದಿರುಮೆಳೆಗಳೂ ಹೀಗೆಯೇ.

ಅಂಕಿಯಿಂದ ಆಚರಣೆಗೆ

ಮುನ್ಸೂಚನೆಯ ಬೆಲೆ ಅದನ್ನು ಬಳಸುವುದರಲ್ಲಿದೆ. ಬೇಸಗೆಗೆ ಮುಂಚೆ ರಸ್ತೆಯ ಇಕ್ಕೆಲಗಳಲ್ಲಿಯೂ ಕಾಡಿನ ಅಂಚಿನಲ್ಲಿಯೂ ಹುಲ್ಲನ್ನು ಕತ್ತರಿಸಿ ಸುಟ್ಟು ಮಾಡುವ ಖಾಲಿ ಪಟ್ಟಿಗೆ ಬೆಂಕಿ ರೇಖೆಯೆನ್ನುತ್ತಾರೆ. ಹುಲ್ಲು ಹಸಿಯಾಗಿದ್ದಾಗ ಅದು ಸುಡುವುದಿಲ್ಲ. ತೀರ ಒಣಗಿದಾಗ ಸುಟ್ಟರೆ ರೇಖೆಯ ಬೆಂಕಿಯೇ ಕಾಡಿಗೆ ನುಗ್ಗುತ್ತದೆ. ಎರಡರ ನಡುವೆ ಕೆಲವೇ ದಿನಗಳ ಅವಕಾಶವಿರುತ್ತದೆ. ಆ ದಿನಗಳನ್ನು ತೋರಿಸಿಕೊಡುವುದು ಇದೇ ಸೂಚಿ. ಹೆಚ್ಚಿನ ಅಪಾಯದ ದಿನ ಯಾವ ಇಳಿಜಾರಿಗೆ ಕಾವಲುಗಾರರನ್ನು ಕಳುಹಿಸಬಾರದು, ಯಾವಾಗ ಹಿಂದಕ್ಕೆ ಕರೆಸಬೇಕು ಎಂಬುದನ್ನೂ ಅದರಿಂದ ನಿರ್ಧರಿಸಬಹುದು. ಜೀವಗಳು ಉಳಿಯುವುದು ಇಲ್ಲಿಯೇ.

ಸೂಚಿಯಿಲ್ಲದ ಕಾಲದಲ್ಲಿಯೂ ಈ ಜ್ಞಾನವಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಆರಂಭದಲ್ಲಿ, ತರಗಿನಲ್ಲಿ ಇನ್ನೂ ಸ್ವಲ್ಪ ತೇವವಿರುವಾಗಲೇ, ನೆಲದ ಮೇಲೆ ತೆಳುವಾಗಿ ಹರಿದು ಆರಿಹೋಗುವ ಬೆಂಕಿಯನ್ನಿಡುತ್ತಿದ್ದರು. ಅದಕ್ಕೆ ತರಗು ಬೆಂಕಿಯೆಂದು ಹೆಸರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ, ಬೆಟ್ಟವು ಅಭಯಾರಣ್ಯವಾದಾಗ, ಈ ಪದ್ಧತಿ ನಿಂತುಹೋಯಿತು. ಅದು ನಿಂತ ಮೇಲೆಯೇ ಲಂಟಾನ ಹಬ್ಬಿತು, ದೊಡ್ಡ ಬೆಂಕಿಗಳು ಬಂದುವು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಸಂಶೋಧಕರು ಈ ಮಾತನ್ನು ದಾಖಲಿಸಿ ಪರಿಶೀಲಿಸಿದ್ದಾರೆ. ಬೆಂಕಿ ಎಲ್ಲಿ, ಎಷ್ಟು ವರ್ಷಗಳಿಗೊಮ್ಮೆ ಹಿತವೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಜನವರಿಯ ಬೆಂಕಿಯೂ ಮಾರ್ಚಿಯ ಬೆಂಕಿಯೂ ಒಂದೇ ಅಲ್ಲವೆಂಬ ಅವರ ತಿಳುವಳಿಕೆಯನ್ನು ಮೇಲೆ ಮಾಡಿದ ನೀರಿನ ಲೆಕ್ಕ ಪೂರ್ತಿಯಾಗಿ ಸಮರ್ಥಿಸುತ್ತದೆ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ನೆರಳಿನಲ್ಲಿ ಎರಡು ಉಷ್ಣಮಾಪಕಗಳನ್ನು ತೂಗುಹಾಕಿ ಒಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿರಿ. ಮೇಲೆ ಹೇಳಿದಂಥ ಮಧ್ಯಾಹ್ನ ಹೆಬ್ಬಾಳದಲ್ಲಿ ಒಣ ಮಾಪಕ 35 ಡಿಗ್ರಿ ತೋರಿಸಿದರೆ ಒದ್ದೆ ಮಾಪಕ ಸುಮಾರು 22 ತೋರಿಸುತ್ತದೆ. ಬೆಳಿಗ್ಗೆಯಾದರೆ ಅಂತರ ನಾಲ್ಕೈದು ಡಿಗ್ರಿ ಮಾತ್ರ. ಈ ಅಂತರದಿಂದ ಸಾಪೇಕ್ಷ ಆರ್ದ್ರತೆಯನ್ನು ಕೊಡುವ ಕೋಷ್ಟಕ ಭೌತಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ದೊರೆಯುತ್ತದೆ. ಬಯಲಿನ ತರಗೆಲೆಯನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ತಂದು ತೂಗಿ, ಪ್ರಯೋಗಶಾಲೆಯ ಒಲೆಯಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ತೂಗಿರಿ. ಕಳೆದುಹೋದ ತೂಕವೇ ನೀರು. ಜನವರಿಯಿಂದ ರೇವತಿ, ಅಶ್ವಿನಿ ಮಳೆಗಳು ಬೀಳುವವರೆಗೆ ಈ ಅಂಕಿಗಳನ್ನು ಬರೆದಿಟ್ಟು, ಚಾಮುಂಡಿ ಬೆಟ್ಟದಲ್ಲಿ ಬೆಂಕಿ ಕಾಣಿಸಿಕೊಂಡ ದಿನಗಳನ್ನು ಪತ್ರಿಕೆಗಳಿಂದ ಗುರುತುಮಾಡಿಕೊಂಡರೆ, ನಮ್ಮ ಊರಿಗೆ ಹೊಂದುವ ಸೂಚಿಗೆ ಅದು ಸಣ್ಣ ಅಡಿಗಲ್ಲಾದೀತು.

ಉಷ್ಣತೆ, ಆರ್ದ್ರತೆ, ಗಾಳಿ ಇವು ನಮ್ಮ ಅಧೀನದಲ್ಲಿಲ್ಲ. ಅವನ್ನು ಅಳೆಯಬಲ್ಲೆವು, ಮುಂದಾಗಿ ಹೇಳಬಲ್ಲೆವು. ನಮ್ಮ ಅಧೀನದಲ್ಲಿರುವುದು ಕಿಡಿ. ಬೇಸಗೆಯಲ್ಲಿ ಸಿಡಿಲು ಅಪರೂಪವಾದ ನಮ್ಮ ಒಣ ಕಾಡುಗಳಲ್ಲಿ ಬಹುಪಾಲು ಬೆಂಕಿಗಳು ಹತ್ತುವುದು ಮನುಷ್ಯನ ಕೈಯಿಂದ, ಬೇಕೆಂದೋ ಅಜಾಗರೂಕತೆಯಿಂದಲೋ. ಅಪಾಯದ ಅಂಕಿ ಏರಿದ ದಿನ ಕಾಡಿನ ಅಂಚಿನ ಹಳ್ಳಿಯವನಿಗೂ ರಸ್ತೆಯಲ್ಲಿ ಹೋಗುವ ಪ್ರವಾಸಿಗೂ ಅದು ತಿಳಿದಿರಬೇಕು. ಆಗ ಕಡ್ಡಿ ಗೀರುವ ಕೈ ಒಂದು ಕ್ಷಣ ತಡೆದೀತು.